ನಿಮ್ಮ ಮೊದಲ ಫರ್ಸೋನಾ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಫರ್ಸೋನಾ ಅಂದರೆ ಏನು?

ಪ್ರಾಣಿಯ ರೂಪದಲ್ಲಿರುವ ನೀವು. ಎರಡು ಕಾಲಲ್ಲಿ ನಿಂತು, ಮಾತಾಡಿ, ಬಟ್ಟೆ ತೊಟ್ಟು, ನಗುವ ಅಳುವ ಪ್ರಾಣಿ ಪಾತ್ರಗಳೆಂದರೆ ಪ್ರಾಣ ಅನ್ನುವವರನ್ನು ಫರಿಗಳು ಅನ್ನುತ್ತಾರೆ. ಅವರು ತಮ್ಮನ್ನು ತೋರಿಸಿಕೊಳ್ಳಲು ಕಟ್ಟಿಕೊಂಡ ಪಾತ್ರವೇ ಫರ್ಸೋನಾ. ‘ಫರಿ’ ಮತ್ತು ‘ಪರ್ಸೋನಾ’ ಕೂಡಿ ಆದ ಪದ ಇದು. ಬಳಗದಲ್ಲಿ ಚಿಕ್ಕದಾಗಿ ‘ಸೋನಾ’ ಅಂತಾರೆ. ಕಥೆಗೋಸ್ಕರ ಹುಟ್ಟಿಸಿದ ಪಾತ್ರ ಬೇರೆ, ಅದಕ್ಕೆ ‘ಓಸಿ’ ಅನ್ನುವುದು ರೂಢಿ. ಸೋನಾ ಅಂದಾಗ ಅದರ ಹಿಂದೆ ನೀವೇ ಇದ್ದೀರಿ.

ಇದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದಾ?

ಬೇರು ಅದಕ್ಕಿಂತ ಹಿಂದಿನದು. 1970 ಮತ್ತು 80ರ ದಶಕದಲ್ಲಿ ಅಮೆರಿಕದ ಸೈನ್ಸ್ ಫಿಕ್ಷನ್ ಮತ್ತು ಕಾಮಿಕ್ಸ್ ಅಭಿಮಾನಿಗಳ ನಡುವೆ ಇದು ಬೆಳೆಯಿತು. ಫರಿಗಳದ್ದೇ ಆದ ಮೊದಲ ಸಮಾವೇಶ ‘ಕಾನ್‌ಫ್ಯೂರೆನ್ಸ್’ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆಯಿತು. ಮರುವರ್ಷ, 1990ರಲ್ಲಿ, ‘ಫರಿಮಕ್’ ಅನ್ನುವ ಆನ್‌ಲೈನ್ ಲೋಕ ಶುರುವಾಯಿತು. ನನಗೆ ಈ ಚರಿತ್ರೆಯಲ್ಲಿ ತುಂಬ ಇಷ್ಟವಾಗುವುದು ಇದೇ. ಅಲ್ಲಿ ಚಿತ್ರ ಅಂತ ಒಂದೂ ಇರಲಿಲ್ಲ, ಬರೀ ಅಕ್ಷರ. ನಿಮ್ಮ ಪಾತ್ರ ಹೇಗಿದೆ ಅಂತ ನಾಲ್ಕು ಸಾಲು ಬರೆದಿಟ್ಟರೆ ಅದೇ ನಿಮ್ಮ ಮೈ, ಅದೇ ನಿಮ್ಮ ಮುಖ. ಎದುರಿಗಿದ್ದವರು ಆ ಸಾಲು ಓದಿ ನಿಮ್ಮನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದರು.

ಫರ್ಸೋನಾ ಇದ್ದವರು ತಾವು ನಿಜಕ್ಕೂ ಪ್ರಾಣಿ ಅಂತ ನಂಬುತ್ತಾರಾ?

ಬಹುತೇಕರು ಇಲ್ಲ. ಅವರಿಗೆ ಅದು ಮನಸ್ಸಿಗೆ ಹತ್ತಿರವಾದ ಒಂದು ಪಾತ್ರ. ಒಳಗಿನಿಂದ ತಾವು ಪ್ರಾಣಿಯೇ ಅಂತ ಅನಿಸುವವರನ್ನು ಥೇರಿಯನ್‌ಗಳು ಅನ್ನುತ್ತಾರೆ. ಅದು ಬೇರೆ ವಿಷಯ. ಕೆಲವರು ಎರಡೂ ಆಗಿರಬಹುದು.

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಆದರೂ ಫರ್ಸೋನಾ ಮಾಡಬಹುದಾ?

ಖಂಡಿತ. ಡಿಸೈನ್ ಮಾಡುವುದು ಬೇರೆ, ಚಿತ್ರ ಬಿಡಿಸುವುದು ಬೇರೆ. ಮೇಲೆ ಹೇಳಿದ ನಾಲ್ಕು ಸಾಲಿನ ಪದ್ಧತಿಯನ್ನೇ ನಾನು ಇವತ್ತಿಗೂ ಎಲ್ಲರಿಗೂ ಹೇಳುವುದು. ಯಾವ ಪ್ರಾಣಿ, ಮೈಕಟ್ಟು ಹೇಗೆ, ಮುಖ್ಯ ಬಣ್ಣಗಳು ಯಾವುವು, ನೋಡಿದ ಕೂಡಲೇ ಗುರುತು ಸಿಗುವ ಒಂದು ವಿಷಯ ಯಾವುದು. ಇಷ್ಟನ್ನು ನಾಲ್ಕು ಸಾಲಲ್ಲಿ ಬರೆಯಿರಿ. ಅದನ್ನು ಓದಿದ ಗೆಳೆಯರೊಬ್ಬರು ನಿಮ್ಮ ಪಾತ್ರವನ್ನು ಹೆಚ್ಚುಕಡಿಮೆ ಸರಿಯಾಗಿ ವರ್ಣಿಸಿದರೆ ಡಿಸೈನ್ ಗಟ್ಟಿಯಾಗಿದೆ ಅಂತ ತಿಳಿಯಿರಿ. ಹತ್ತು ಸಾಲು ಬೇಕಾಯಿತು ಅಂದರೆ ಏನೋ ಜಾಸ್ತಿ ಆಗಿದೆ.

ಈ ನಾಲ್ಕು ಸಾಲಿನ ಮಾತು ಕೆಳಗೆ ಮತ್ತೆ ಮತ್ತೆ ಬರುತ್ತದೆ. ನನ್ನ ಮಟ್ಟಿಗೆ ಉಳಿದದ್ದೆಲ್ಲ ಇದಕ್ಕೆ ಹೊಂದಿಕೊಂಡೇ ಇರುವುದು.

ಯಾವ ಪ್ರಾಣಿ ಆರಿಸಲಿ?

ಹೊಸಬರು ಜಾಸ್ತಿ ತಡವರಿಸುವುದು ಇಲ್ಲೇ. ‘ನಾನು ಜಾಣ, ಹಾಗಾಗಿ ನರಿ’, ‘ನಾನು ಧೈರ್ಯವಂತ, ಹಾಗಾಗಿ ಹುಲಿ’ ಅಂತ ಹೊರಡುತ್ತಾರೆ. ಆ ಗುಣಗಳು ಕಥೆಗಳಲ್ಲಿ ಪ್ರಾಣಿಗಳ ಮೇಲೆ ಹೊರಿಸಿದಂಥವು. ನಿಜವಾದ ಪ್ರಾಣಿಗೂ ಅದಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಕತ್ತೆಕಿರುಬವನ್ನೇ ತೆಗೆದುಕೊಳ್ಳಿ. ಇನ್ನೊಬ್ಬರ ಬೇಟೆ ಕದಿಯುವ ಹೇಡಿ ಅನ್ನುವ ಹೆಸರು ಅದಕ್ಕಿದೆ. ಆದರೆ ಚುಕ್ಕೆ ಕತ್ತೆಕಿರುಬ ತನ್ನ ಆಹಾರದ ಹೆಚ್ಚಿನ ಪಾಲನ್ನು ತಾನೇ ಬೇಟೆಯಾಡಿ ತಿನ್ನುತ್ತದೆ. ಹಿಂಡಿನಲ್ಲಿ ಹೆಣ್ಣಿನದೇ ಮೇಲುಗೈ.

ಹಾಗಾಗಿ ಗುಣದ ಪಟ್ಟಿ ಪಕ್ಕಕ್ಕಿಡಿ. ಪ್ರಾಣಿ ಹೇಗೆ ಓಡಾಡುತ್ತದೆ, ಸುಮ್ಮನೆ ಕೂತಾಗ ಏನು ಮಾಡುತ್ತದೆ, ಹೆದರಿದಾಗ ಕಿವಿ ಎಲ್ಲಿ ಹೋಗುತ್ತದೆ ಅಂತ ನೋಡಿ. ಫೋಟೊಗಿಂತ ವಿಡಿಯೊ ಒಳ್ಳೆಯದು.

ನನ್ನ ಕಥೆ ಹೇಳುತ್ತೇನೆ. ನನ್ನ ಮೊದಲ ಸೋನಾ ತೋಳ. ತೋಳ ಕಂಡರೆ ನನಗೆ ಈಗಲೂ ಇಷ್ಟವೇ. ಆದರೆ ಎಷ್ಟು ಬಿಡಿಸಿದರೂ ಅದು ನಾನು ಮೆಚ್ಚುವ ಯಾರೋ ಒಬ್ಬರಂತೆ ಕಾಣುತ್ತಿತ್ತೇ ಹೊರತು ನನ್ನಂತೆ ಅಲ್ಲ. ಒಂದು ದಿನ ಚಿಕ್ಕ ಉಗುರಿನ ನೀರುನಾಯಿಯ ವಿಡಿಯೊ ಒಂದು ಕಣ್ಣಿಗೆ ಬಿತ್ತು. ಅಂಗಾತ ಮಲಗಿ, ಒಂದು ಬೆಣಚುಕಲ್ಲನ್ನು ಎರಡು ಕೈಗಳ ನಡುವೆ ಉರುಳಿಸುತ್ತಿತ್ತು. ಎದೆಯ ಮೇಲಿಟ್ಟು, ಕತ್ತಿನವರೆಗೆ ಜಾರಿಸಿ, ಮತ್ತೆ ಕೈಗೆ. ಕಣ್ಣು ಎಲ್ಲೋ ಬೇರೆ ಕಡೆ ಇತ್ತು. ನಾನು ಫೋನಿನಲ್ಲಿ ಮಾತಾಡುವಾಗ ಪೆನ್ನಿನ ಮುಚ್ಚಳವನ್ನು ಹೀಗೇ ತಿರುಗಿಸುತ್ತಾ ಇರುತ್ತೇನೆ. ಅವತ್ತೇ ತೋಳವನ್ನು ಬಿಟ್ಟೆ.

ಇನ್ನೊಂದು ಮಾತು. ಕನ್ನಡದಲ್ಲಿ ನಾವು ‘ನರಿ’ ಅಂತ ಒಂದೇ ಹೆಸರಲ್ಲಿ ಎರಡು ಬೇರೆ ಪ್ರಾಣಿಗಳನ್ನು ಕರೆದುಬಿಡುತ್ತೇವೆ. ದಪ್ಪ ಬಾಲ, ಬಿಳಿ ತುದಿ, ಕಪ್ಪು ಸಾಕ್ಸ್ ಹಾಕಿದಂತಿರುವ ಕಾಲಿನ ಕೆಂಪು ನರಿ ಒಂದು. ಉದ್ದ ಕಾಲಿನ, ಕಿರಿದಾದ ಬಾಲದ ಗುಳ್ಳೆನರಿ ಇನ್ನೊಂದು. ನಿಮ್ಮ ತಲೆಯಲ್ಲಿರುವುದು ಯಾವುದು ಅಂತ ಮೊದಲೇ ಖಚಿತ ಮಾಡಿಕೊಂಡು, ಅದರ ಫೋಟೊಗಳನ್ನೇ ಕೂಡಿಡಿ.

ಎಲ್ಲರದ್ದೂ ತೋಳ, ನರಿ. ನಾನೂ ಅದನ್ನೇ ಮಾಡಿದರೆ ಸಪ್ಪೆ ಆಗುವುದಿಲ್ವಾ?

ಆಗುವುದಿಲ್ಲ. ತೋಳ, ನರಿ, ನಾಯಿ, ದೊಡ್ಡ ಬೆಕ್ಕುಗಳು, ಡ್ರ್ಯಾಗನ್ ಜಾಸ್ತಿ ಇರುವುದು ನಿಜ. ಜನ ಅವನ್ನು ಪ್ರೀತಿಸುತ್ತಾರೆ, ಅದಕ್ಕೇ ಜಾಸ್ತಿ. ಬೇರೆಯವರಿಗಿಂತ ಭಿನ್ನವಾಗಿರಬೇಕು ಅಂತಲೇ ಯಾರೂ ಕೇಳದ ಪ್ರಾಣಿಯನ್ನು ಹುಡುಕಿ ತಂದವರು ಮೂರು ತಿಂಗಳಲ್ಲಿ ಅದನ್ನು ಮರೆತದ್ದನ್ನು ನೋಡಿದ್ದೇನೆ. ಬಾವಲಿ, ಮುಂಗುಸಿ, ಹಲ್ಲಿ, ಶಾರ್ಕ್, ಪತಂಗ, ಇಲ್ಲದ ಪ್ರಾಣಿ, ಯಾವುದಾದರೂ ಸರಿ. ಮನಸ್ಸು ಅದರ ಕಡೆ ತಾನಾಗಿ ಹೋಗಬೇಕು ಅಷ್ಟೇ.

ಎರಡು ಪ್ರಾಣಿಗಳನ್ನು ಸೇರಿಸಬಹುದಾ?

ಸೇರಿಸಬಹುದು, ಬಹಳ ಜನ ಸೇರಿಸುತ್ತಾರೆ. ಅರ್ಧ ಇದು ಅರ್ಧ ಅದು ಅಂತ ಸಮ ಪಾಲು ಮಾಡಲು ಹೋಗಬೇಡಿ. ಒಂದನ್ನು ಮೈಯಾಗಿ ಇಟ್ಟುಕೊಳ್ಳಿ, ಇನ್ನೊಂದರಿಂದ ಎದ್ದು ಕಾಣುವ ಒಂದೆರಡು ಅಂಗ ಮಾತ್ರ ತನ್ನಿ. ಮೊಲದ ಮೈಗೆ ಜಿಂಕೆಯ ಕೊಂಬು. ನಾಯಿಯ ಮೈಗೆ ಬಾವಲಿಯ ಕಿವಿ ಮತ್ತು ರೆಕ್ಕೆ. ತೋಳ ಮತ್ತು ನಾಯಿಯನ್ನು ಸೇರಿಸಿದರೆ ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಯಾಕೆಂದರೆ ಎರಡರ ಆಕಾರವೂ ಹತ್ತಿರ ಹತ್ತಿರ. ಮೂರು ಪ್ರಾಣಿ ಸೇರಿಸುವಾಗ ನಾಲ್ಕು ಸಾಲು ಸಾಕಾಗುತ್ತಾ ಅಂತ ನೋಡಿಕೊಳ್ಳಿ.

ಕಾಲು ಮನುಷ್ಯರ ಥರ ಇರಬೇಕಾ, ಪ್ರಾಣಿಯ ಥರ ಇರಬೇಕಾ?

ಎರಡೂ ನಡೆಯುತ್ತದೆ. ನಮ್ಮ ಹಾಗೆ ಇಡೀ ಅಂಗಾಲು ಊರಿ ನಿಲ್ಲುವುದಕ್ಕೆ ಪ್ಲಾಂಟಿಗ್ರೇಡ್ ಅನ್ನುತ್ತಾರೆ. ಕರಡಿ ಹೀಗೆ ನಡೆಯುತ್ತದೆ. ನಾಯಿ, ಬೆಕ್ಕು ಬೆರಳುಗಳ ಮೇಲೆ ನಡೆಯುತ್ತವೆ, ಅದು ಡಿಜಿಟಿಗ್ರೇಡ್. ಜಿಂಕೆ, ಕುದುರೆ ಉಗುರಿನ ತುದಿಯ ಮೇಲೇ ನಿಲ್ಲುತ್ತವೆ. ಆ ಉಗುರೇ ಗೊರಸು.

ಹೊಸಬರು ಎಡವುವ ಜಾಗ ಒಂದಿದೆ. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಮಂಡಿಯಂತೆ ಕಾಣುತ್ತದಲ್ಲ, ಅದು ಮಂಡಿ ಅಲ್ಲ, ಹಿಮ್ಮಡಿ. ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಯ ಹತ್ತಿರ, ನಮ್ಮ ಮಂಡಿಯ ಹಾಗೇ ಮುಂದಕ್ಕೆ ಬಾಗುತ್ತದೆ. ನೀವೇ ತುದಿಗಾಲಲ್ಲಿ ನಿಂತು ಕನ್ನಡಿ ನೋಡಿ, ಹಿಮ್ಮಡಿ ಎಲ್ಲಿಗೆ ಏರಿತು ಅಂತ ಗೊತ್ತಾಗುತ್ತದೆ. ಅಷ್ಟು ತಿಳಿದರೆ ಕಾಲು ಬಿಡಿಸುವುದು ಅರ್ಧ ಬಂದಂತೆ.

ಎಷ್ಟು ಬಣ್ಣ ಹಾಕಬೇಕು?

ಮುಖ್ಯವಾಗಿ ಮೂರು. ಒಂದು ಮೈ ತುಂಬ, ಒಂದು ಹೊಟ್ಟೆ, ಮೂತಿ ಅಂಥ ಕಡೆ, ಇನ್ನೊಂದು ಅಲ್ಲಲ್ಲಿ ಸ್ವಲ್ಪವೇ. ಮೂಗು, ಕಣ್ಣು, ಅಂಗೈಯ ಮೆತ್ತೆಗಳಿಗೆ ಬೇರೆ ಇರಲಿ, ಅವು ಲೆಕ್ಕಕ್ಕಿಲ್ಲ.

ನನ್ನ ತೋಳಕ್ಕೆ ಒಂಬತ್ತು ಬಣ್ಣ ಇದ್ದವು. ಬೆನ್ನ ಮೇಲೆ ಮಿಂಚಿನ ಗುರುತು, ಪ್ರತಿ ಕಾಲಿಗೂ ಬೇರೆ ಬೇರೆ ಪಟ್ಟೆ, ಬಾಲಕ್ಕೆ ಮೂರು ಉಂಗುರ. ಮೂವರು ಆರ್ಟಿಸ್ಟ್‌ಗಳಿಂದ ಬರೆಸಿದೆ. ಮೂರು ಚಿತ್ರದಲ್ಲೂ ಒಂದಲ್ಲ ಒಂದು ಗುರುತು ಬಿಟ್ಟುಹೋಗಿತ್ತು, ಮೂರರಲ್ಲೂ ಬೇರೆ ಬೇರೆ. ಆಮೇಲೆ ನಾನೇ ಪಾತ್ರದ ವಿವರ ಇದ್ದ ಹಾಳೆಯನ್ನು ಮುಚ್ಚಿಟ್ಟು ನೆನಪಿನಿಂದ ಬಿಡಿಸಲು ಕೂತೆ. ಎಡಗಾಲಿನ ಪಟ್ಟೆ ಎರಡೋ ಮೂರೋ ನನಗೇ ನೆನಪಾಗಲಿಲ್ಲ.

ಬಣ್ಣ ಹಾಕಿದ ಮೇಲೆ ಎರಡು ಪರೀಕ್ಷೆ ಮಾಡಿ. ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಎಲ್ಲ ಒಂದೇ ಬೂದು ಬಣ್ಣಕ್ಕೆ ಬಂದರೆ ಗುರುತುಗಳು ದೂರದಿಂದ ಕಾಣುವುದಿಲ್ಲ. ಕೆಂಪು ಮತ್ತು ಹಸಿರು ಎಷ್ಟೋ ಸಲ ಹೀಗೆ ಕಲಸಿಹೋಗುತ್ತವೆ. ಆಗ ಒಂದನ್ನು ತಿಳಿ ಮಾಡಿ, ಇನ್ನೊಂದನ್ನು ಗಾಢ ಮಾಡಿ. ಎರಡನೆಯದು, ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಪ್ರೊಫೈಲ್ ಫೋಟೊ ಆಗಿ ಅದು ಕಾಣುವುದು ಅಷ್ಟೇ ಗಾತ್ರದಲ್ಲಿ, ಅಲ್ವಾ?

ಒಂಬತ್ತು ಬಣ್ಣದ ಸೋನಾ ಇಟ್ಟುಕೊಂಡು ಖುಷಿಯಾಗಿರುವವರೂ ಇದ್ದಾರೆ. ಅವರು ತಮ್ಮ ಪಾತ್ರವನ್ನು ತಾವೇ ಬಿಡಿಸುತ್ತಾರೆ, ಪ್ರತಿ ಗುರುತೂ ಅವರಿಗೆ ಬಾಯಿಪಾಠ. ನಿಮಗೂ ಹಾಗಿದ್ದರೆ ಧಾರಾಳವಾಗಿ ಮಾಡಿ.

ಮಚ್ಚೆ, ಪಟ್ಟೆ, ಬಿಳಿ ಜಾಗ ಎಲ್ಲೆಲ್ಲಿ ಹಾಕಿದರೆ ಚೆನ್ನ?

ನನಗೆ ಅತಿ ಇಷ್ಟದ ಪ್ರಶ್ನೆ ಇದು. ಇದಕ್ಕೆ ಪ್ರಕೃತಿಯಲ್ಲೇ ಉತ್ತರ ಇದೆ.

ಬೆಕ್ಕು, ನಾಯಿ, ಹಸು, ಕುದುರೆಗಳಲ್ಲಿ ಬಿಳಿ ಎಲ್ಲೆಲ್ಲಿ ಇರುತ್ತದೆ ನೆನಪಿಸಿಕೊಳ್ಳಿ. ಪಾದ, ಎದೆ, ಹೊಟ್ಟೆ, ಹಣೆಯ ನಡು, ಬಾಲದ ತುದಿ. ಬೆನ್ನು ಮಾತ್ರ ಬಿಳಿ ಇದ್ದು ಉಳಿದದ್ದೆಲ್ಲ ಕಪ್ಪಾಗಿರುವ ಬೆಕ್ಕನ್ನು ನೀವು ನೋಡಿರಲಿಕ್ಕಿಲ್ಲ. ಮರಿ ತಾಯಿಯ ಹೊಟ್ಟೆಯಲ್ಲಿ ಬೆಳೆಯುವಾಗ ಬಣ್ಣ ಕೊಡುವ ಜೀವಕೋಶಗಳು ಬೆನ್ನಿನ ಉದ್ದಕ್ಕೂ ಹುಟ್ಟಿ ಅಲ್ಲಿಂದ ಕೆಳಗೆ, ತುದಿಗಳ ಕಡೆಗೆ ಹರಡುತ್ತವೆ. ಅವು ಎಲ್ಲ ಕಡೆ ತುಂಬಿಕೊಳ್ಳದೆ ಹೋದರೆ ಬೆನ್ನಿನಿಂದ ದೂರದ ಜಾಗಗಳೇ ಬಿಳಿಯಾಗಿ ಉಳಿಯುತ್ತವೆ. ನೆಲಕ್ಕೆ ಚೆಲ್ಲಿದ ಬಣ್ಣದ ನೀರು ಮೂಲೆ ಮುಟ್ಟದೆ ನಿಂತ ಹಾಗೆ. ನಿಮ್ಮ ಸೋನಾಕ್ಕೂ ಇದೇ ದಾರಿಯಲ್ಲಿ ಬಿಳಿ ಹಾಕಿದರೆ, ಮೈ ಬಣ್ಣ ನೇರಳೆ ಇದ್ದರೂ ಆ ಪ್ರಾಣಿ ಎಲ್ಲೋ ನಿಜವಾಗಿ ಬದುಕಿದೆ ಅನಿಸುತ್ತದೆ.

ಹೊಟ್ಟೆಯ ಕಡೆ ತಿಳಿ ಬಣ್ಣ, ಬೆನ್ನ ಕಡೆ ಗಾಢ ಬಣ್ಣ ಇರುವುದೂ ಕಾಡಿನಲ್ಲಿ ಮಾಮೂಲು. ಮೇಲಿಂದ ಬಿಸಿಲು ಬಿದ್ದು ಹೊಟ್ಟೆ ನೆರಳಿನಲ್ಲಿರುವಾಗ ಎರಡೂ ಸರಿದೂಗಿ ಪ್ರಾಣಿ ಸುತ್ತಲಿನ ಜಾಗದಲ್ಲಿ ಕಲೆತುಹೋಗುತ್ತದೆ. ಸಯಾಮಿ ಬೆಕ್ಕಿನದು ಇನ್ನೂ ಸೊಗಸು. ಅದರ ಬಣ್ಣ ತಂಪಿರುವ ಕಡೆ ಮಾತ್ರ ಗಾಢವಾಗುತ್ತದೆ. ಅದಕ್ಕೇ ಕಿವಿ, ಮೂತಿ, ಪಾದ, ಬಾಲ ಗಾಢ, ಬೆಚ್ಚಗಿರುವ ಮೈ ತಿಳಿ.

ಪ್ರಾಣಿಯ ಗುರುತು ಹಿಡಿಸುವ ಚಿಕ್ಕ ಚಿಹ್ನೆಗಳನ್ನು ಅಳಿಸಬೇಡಿ. ಚೀತಾದ ಕಣ್ಣಿನಿಂದ ಬಾಯಿಯ ಕಡೆ ಇಳಿಯುವ ಕಪ್ಪು ಗೆರೆ. ಹುಲಿಯ ಕಿವಿಯ ಹಿಂದಿನ ಬಿಳಿ ಚುಕ್ಕೆ. ಜಾಗ್ವಾರ್‌ನ ಮಚ್ಚೆಯ ಉಂಗುರದೊಳಗೆ ಕಪ್ಪು ಚುಕ್ಕೆಗಳಿರುತ್ತವೆ, ಚಿರತೆಯ ಉಂಗುರದೊಳಗೆ ಸಾಮಾನ್ಯವಾಗಿ ಇರುವುದಿಲ್ಲ. ಇಂಥದ್ದು ಒಂದು ಉಳಿದರೂ ಸಾಕು, ಬಣ್ಣ ಏನೇ ಇರಲಿ, ನೋಡಿದವರು ‘ಇದು ಚೀತಾ’ ಅಂತಾರೆ.

ನೀಲಿ ನರಿ, ಹಸಿರು ತೋಳ ಮಾಡಬಹುದಾ?

ಮಾಡಿ. ಸಸ್ತನಿಗಳ ಕೂದಲಿಗೆ ಬಣ್ಣ ಕೊಡುವುದು ಎರಡೇ ಬಗೆಯ ಮೆಲನಿನ್. ಒಂದು ಕಪ್ಪು-ಕಂದು ಕೊಡುತ್ತದೆ, ಇನ್ನೊಂದು ಕೆಂಪು-ಹಳದಿ. ಹಾಗಾಗಿ ಕಾಡಿನಲ್ಲಿ ನೀಲಿ ತುಪ್ಪಳ ಸಿಗುವುದಿಲ್ಲ. ಮರಕ್ಕೆ ಜೋತುಬಿದ್ದು ನಿಧಾನವಾಗಿ ಓಡಾಡುವ ಸ್ಲಾತ್ ಹಸಿರಾಗಿ ಕಾಣುವುದು ಕೂದಲಲ್ಲಿ ಬೆಳೆದ ಪಾಚಿಯಿಂದ. ಆದರೆ ಫರ್ಸೋನಾಕ್ಕೆ ಆ ಕಟ್ಟು ಇಲ್ಲ. ಬಣ್ಣ ಕಲ್ಪನೆಯದ್ದಾದರೆ, ಗುರುತುಗಳನ್ನಾದರೂ ನಿಜದ ಪ್ರಾಣಿಯಿಂದ ತನ್ನಿ. ನೀಲಿ ನರಿಗೂ ಬಾಲದ ತುದಿ ಬಿಳಿ ಇರಲಿ.

ಏನೇನು ಮರೆಯುವ ಸಾಧ್ಯತೆ ಇದೆ?

ಕಿವಿಯ ಒಳಗಿನ ಬಣ್ಣ. ಕಿವಿಯ ಹಿಂಭಾಗ. ನಾಲಿಗೆ. ಅಂಗೈ, ಅಂಗಾಲಿನ ಮೆತ್ತೆ. ಬಾಲದ ಕೆಳಭಾಗ. ಉಗುರು. ಕಣ್ಣಿನ ಪಾಪೆಯ ಆಕಾರವನ್ನಂತೂ ಬಹಳ ಜನ ಮರೆಯುತ್ತಾರೆ. ಕೆಂಪು ನರಿಗೆ ಬೆಕ್ಕಿನ ಹಾಗೆ ಸೀಳು ಪಾಪೆ, ತೋಳಕ್ಕೆ ದುಂಡು. ಬೆರಳು ಎಷ್ಟು ಅಂತಲೂ ಈಗಲೇ ತೀರ್ಮಾನ ಮಾಡಿ. ಕೈಗೆ ಹೆಬ್ಬೆರಳು ಸೇರಿ ನಾಲ್ಕೋ ಐದೋ ಅಂತ ಬರೆದಿಡದಿದ್ದರೆ ಪ್ರತಿ ಚಿತ್ರದಲ್ಲೂ ಒಂದೊಂದು ಲೆಕ್ಕ ಬರುತ್ತದೆ.

ಬಟ್ಟೆ, ಒಡವೆ, ವಸ್ತುಗಳು ಬೇಕಾ?

ಬೇಕೇಬೇಕು ಅಂತಿಲ್ಲ. ಇದ್ದರೆ ಒಂದು ವಸ್ತು ಸಾಕು, ಅದಕ್ಕೆ ಒಂದು ಕಾರಣ ಇದ್ದರೆ ಚೆನ್ನ. ಬಟ್ಟೆ ದಿನಕ್ಕೊಂದು ಬದಲಾಗಬಹುದು, ಆ ಒಂದು ವಸ್ತು ಮಾತ್ರ ಜೊತೆಗಿರಲಿ. ಬಟ್ಟೆ ತೆಗೆದರೂ ಪಾತ್ರದ ಗುರುತು ಸಿಗಬೇಕು ಅನ್ನುವುದು ನಾನು ನನಗೆ ಹಾಕಿಕೊಂಡ ಕಟ್ಟಳೆ.

ಸೋನಾದ ಸ್ವಭಾವ ನನ್ನದೇ ಆಗಿರಬೇಕಾ?

ಕೆಲವರದ್ದು ತದ್ರೂಪು. ಕೆಲವರದ್ದು ತಾವು ಆಗಬೇಕು ಅಂದುಕೊಂಡ ರೂಪ. ನಾಚಿಕೆ ಸ್ವಭಾವದವರು ಎಲ್ಲರ ಜೊತೆ ಬೆರೆಯುವ ಸೋನಾ ಕಟ್ಟಿ, ಅದರ ಹೆಸರಲ್ಲಿ ಮಾತಾಡುತ್ತಾ ಮಾತಾಡುತ್ತಾ ತಾವೇ ಸಲೀಸಾಗಿ ಬೆರೆಯಲು ಕಲಿತದ್ದನ್ನು ಹತ್ತಿರದಿಂದ ಕಂಡಿದ್ದೇನೆ. ವಯಸ್ಸು, ಲಿಂಗ, ಮೈಕಟ್ಟು ಕೂಡ ನಿಮ್ಮದೇ ಆಗಿರಬೇಕಿಲ್ಲ. ‘ಧೈರ್ಯವಂತ, ಕರುಣಾಳು, ಬುದ್ಧಿವಂತ’ ಅಂತ ಬರೆದರೆ ಮಾತ್ರ ಏನೂ ಕಾಣುವುದಿಲ್ಲ. ಮಳೆ ಬಂದಾಗ ಏನು ಮಾಡುತ್ತಾನೆ, ಗುರುತಿಲ್ಲದವರ ಮನೆಯಲ್ಲಿ ಎಲ್ಲಿ ಕೂರುತ್ತಾಳೆ ಅಂತ ಬರೆಯಿರಿ.

ಹೆಸರು ಹೇಗೆ ಇಡುವುದು?

ಕರೆಯಲು ಸುಲಭ ಇರಲಿ. ಎರಡು ಮೂರು ಅಕ್ಷರ ಸಾಕು. ಕನ್ನಡದ ಪದಗಳನ್ನು ಬಿಟ್ಟುಕೊಡಬೇಡಿ ಅಂತ ನನ್ನ ಕಳಕಳಿ. ಮಂಜು, ಕಿಡಿ, ಹೊಂಬಣ್ಣ, ಬೆಳ್ಳಿ, ಜೊಂಪೆ, ಎಷ್ಟು ಚಂದದ ಪದಗಳಿವೆ! ನನ್ನ ನೀರುನಾಯಿಯ ಹೆಸರು ತೊರೆ. ಚಿಕ್ಕ ಹೊಳೆ ಅಂತ ಒಂದು ಅರ್ಥ, ಬಿಟ್ಟುಬಿಡು ಅಂತ ಇನ್ನೊಂದು. ತೋಳವನ್ನು ಬಿಟ್ಟು ಬಂದ ಮೇಲೆ ಸಿಕ್ಕವಳಲ್ವಾ, ಎರಡೂ ಅವಳಿಗೆ ಒಪ್ಪುತ್ತದೆ. ಹೆಸರಿಡುವ ಮೊದಲು ಒಮ್ಮೆ ಹುಡುಕಿ ನೋಡಿ. ಹೆಸರು ಒಂದೇ ಆದರೆ ತೊಂದರೆಯಿಲ್ಲ. ಹೆಸರು, ಪ್ರಾಣಿ, ಬಣ್ಣ ಮೂರೂ ಒಂದೇ ಆದರೆ ಗೊಂದಲ.

ರೆಫ್ ಶೀಟ್ ಅಂದರೆ ಏನು? ಅದರಲ್ಲಿ ಏನಿರಬೇಕು?

ನಿಮ್ಮ ಪಾತ್ರವನ್ನು ಬೇರೆಯವರು ತಪ್ಪಿಲ್ಲದೆ ಬಿಡಿಸಲು ಬೇಕಾದ ಎಲ್ಲ ವಿವರ ಇರುವ ಒಂದು ಹಾಳೆ. ಪೂರ್ತಿ ಹೆಸರು ರೆಫರೆನ್ಸ್ ಶೀಟ್. ಮುಂದಿನಿಂದ ಒಂದು, ಹಿಂದಿನಿಂದ ಒಂದು ಪೂರ್ತಿ ಮೈ ಚಿತ್ರ ಇರಲಿ. ಎಡ ಬಲ ಬೇರೆ ಬೇರೆ ಇದ್ದರೆ ಎರಡೂ ಪಕ್ಕ ತೋರಿಸಿ. ಅಂಗೈ, ಬಾಯಿಯ ಒಳಗು, ಗುರುತಿನ ವಸ್ತು, ಇವಕ್ಕೆ ಪಕ್ಕದಲ್ಲಿ ಚಿಕ್ಕ ಚಿತ್ರ.

ಬಣ್ಣ ನೆರಳು-ಬೆಳಕು ಇಲ್ಲದೆ ಚಪ್ಪಟೆಯಾಗಿರಬೇಕು. ಸಂಜೆ ಬೆಳಕಿನಲ್ಲಿ ನಿಂತ ಚಂದದ ಚಿತ್ರ ರೆಫ್ ಶೀಟ್ ಆಗುವುದಿಲ್ಲ, ಯಾಕೆಂದರೆ ಕಿತ್ತಳೆ ಬಿಸಿಲಿನಲ್ಲಿ ಬೂದು ತುಪ್ಪಳ ಯಾವ ಬೂದು ಅಂತ ಯಾರಿಗೂ ತಿಳಿಯುವುದಿಲ್ಲ. ಮೂಲೆಯಲ್ಲಿ ಪ್ರತಿ ಬಣ್ಣದ ಒಂದು ಚೌಕ ಹಾಕಿ, ಅದರ ಹೆಕ್ಸ್ ಕೋಡ್ ಬರೆಯಿರಿ. ಹೆಕ್ಸ್ ಕೋಡ್ ಅಂದರೆ ಆರು ಅಂಕಿ-ಅಕ್ಷರಗಳ ಗುರುತು. ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ಎರಡೆರಡು ಸ್ಥಾನದಲ್ಲಿ ಹೇಳುತ್ತದೆ. ಬಣ್ಣ ಆರಿಸುವ ಕಿಟಕಿಯಲ್ಲೇ ಅದು ಸಿಗುತ್ತದೆ. ಫೈಲನ್ನು ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್‌ನಲ್ಲಿ ಉಳಿಸಿದರೆ ಬಣ್ಣ ಸ್ವಲ್ಪ ಕೆಡುತ್ತದೆ.

ಯಾವ ಆ್ಯಪ್ ಬಳಸಲಿ?

ಕಂಪ್ಯೂಟರ್ ಇದ್ದರೆ ಕ್ರಿಟಾ. ಉಚಿತ, ಮುಕ್ತ ತಂತ್ರಾಂಶ, ಬೇಕಾದ್ದೆಲ್ಲ ಇದೆ. ಫೋನಾದರೆ ಐಬಿಸ್ ಪೇಂಟ್. ಐಪ್ಯಾಡ್ ಇದ್ದವರು ಪ್ರೊಕ್ರಿಯೇಟ್ ಕೊಳ್ಳುತ್ತಾರೆ. ಪೆನ್ಸಿಲ್ ಮತ್ತು ಹಾಳೆ ಇವೆಲ್ಲಕ್ಕೂ ಸಮ. ಗೆರೆಗೆ ಒಂದು ಲೇಯರ್ (ಒಂದರ ಮೇಲೊಂದು ಕೂರುವ ಪಾರದರ್ಶಕ ಪದರ), ಬಣ್ಣಕ್ಕೆ ಒಂದು, ಗುರುತುಗಳಿಗೆ ಇನ್ನೊಂದು ಇಟ್ಟುಕೊಂಡರೆ ಆಮೇಲೆ ಬದಲಾಯಿಸುವುದು ಸಲೀಸು.

ಬೇಸ್, ಅಡಾಪ್ಟ್, ವೈಸಿಎಚ್ ಅಂತೆಲ್ಲ ಕೇಳುತ್ತೇನೆ. ಏನಿವು?

ಬೇಸ್ ಅಂದರೆ ಬೇರೆಯವರು ಬಿಡಿಸಿಟ್ಟ ಖಾಲಿ ಗೆರೆಚಿತ್ರ. ನೀವು ಬಣ್ಣ ತುಂಬುತ್ತೀರಿ. ಕೆಲವು ಉಚಿತ, ಕೆಲವಕ್ಕೆ ದುಡ್ಡು. ಬಿಡಿಸಿದವರ ಹೆಸರು ಹಾಕುವುದನ್ನು ಮರೆಯಬೇಡಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂತ ನನ್ನ ಅಭಿಪ್ರಾಯ. ಅಡಾಪ್ಟ್ ಅಂದರೆ ಆರ್ಟಿಸ್ಟ್ ಮೊದಲೇ ಡಿಸೈನ್ ಮಾಡಿ ಮಾರಾಟಕ್ಕಿಟ್ಟ ಪಾತ್ರ. ವೈಸಿಎಚ್‌ನಲ್ಲಿ ಭಂಗಿ ಮೊದಲೇ ಸಿದ್ಧ, ಅದರಲ್ಲಿ ನಿಮ್ಮ ಪಾತ್ರವನ್ನು ಕೂರಿಸಿ ಕೊಡುತ್ತಾರೆ.

ಇದರ ಜೊತೆ ‘ಕ್ಲೋಸ್ಡ್ ಸ್ಪೀಷೀಸ್’ ಅನ್ನುವುದೂ ತಿಳಿದಿರಲಿ. ಒಬ್ಬರು ಕಲ್ಪಿಸಿದ ತಳಿ ಅದು. ಪ್ರೈಮಜೆನ್ ಅಂಥದ್ದು. ಅವರ ಅನುಮತಿಯಿಲ್ಲದೆ ಆ ತಳಿಯ ಪಾತ್ರ ಮಾಡುವಂತಿಲ್ಲ. ಚಿತ್ರ ನೋಡಿ ಇಷ್ಟವಾಯಿತು ಅಂತ ಶುರು ಮಾಡುವ ಮೊದಲು ತಳಿಯ ನಿಯಮ ಓದಿಬಿಡಿ. ಎಲ್ಲರೂ ಬಳಸಬಹುದಾದ ಮುಕ್ತ ತಳಿಗಳೂ ಬೇಕಾದಷ್ಟಿವೆ.

ಆರ್ಟಿಸ್ಟ್ ಹತ್ತಿರ ಬರೆಸುವಾಗ ಹೇಗೆ ಕೇಳುವುದು?

ಮೊದಲು ಅವರ ನಿಯಮಗಳನ್ನು ಪೂರ್ತಿ ಓದಿ. ಕಮಿಷನ್ (ದುಡ್ಡು ತೆಗೆದುಕೊಂಡು ಚಿತ್ರ ಬರೆದುಕೊಡುವುದು) ತೆರೆದಿದೆಯಾ, ಏನು ಬಿಡಿಸುವುದಿಲ್ಲ, ದುಡ್ಡು ಯಾವಾಗ ಕೊಡಬೇಕು, ಎಷ್ಟು ಸಲ ತಿದ್ದುತ್ತಾರೆ, ಎಲ್ಲ ಅಲ್ಲಿರುತ್ತದೆ. ಆಮೇಲೆ ಚಿಕ್ಕ ಸಂದೇಶ: ನಿಮ್ಮ ನಾಲ್ಕು ಸಾಲು, ರೆಫ್ ಶೀಟ್ ಇದ್ದರೆ ಅದು, ಇಲ್ಲದಿದ್ದರೆ ಪ್ರಾಣಿಯ ಫೋಟೊ ಮತ್ತು ಬಣ್ಣದ ಚೌಕಗಳು. ತಲೆ ಮಾತ್ರ ಬೇಕಾ, ಸೊಂಟದವರೆಗಾ, ಪೂರ್ತಿ ಮೈಯಾ ಅಂತ ಹೇಳಿ. ‘ನಿಮಗೆ ತೋಚಿದಂತೆ ಮಾಡಿ’ ಅಂದಿರಾದರೆ ಬಂದದ್ದನ್ನು ಒಪ್ಪಿಕೊಳ್ಳುವ ಮನಸ್ಸು ಇರಬೇಕು.

ಬದಲಾವಣೆ ಇದ್ದರೆ ಸ್ಕೆಚ್ ಕಳಿಸಿದಾಗಲೇ ಹೇಳಿ. ಬಣ್ಣ ಪೂರ್ತಿಯಾದ ಮೇಲೆ ‘ಬಾಲ ಸ್ವಲ್ಪ ಆ ಕಡೆ’ ಅಂದರೆ ಅವರ ದಿನಗಟ್ಟಲೆ ಕೆಲಸ ನೀರು ಪಾಲು. ಪಾತ್ರ ನಿಮ್ಮದಾದರೂ ಚಿತ್ರದ ಹಕ್ಕು ಸಾಮಾನ್ಯವಾಗಿ ಬಿಡಿಸಿದವರದ್ದೇ. ಪ್ರೊಫೈಲ್‌ಗೆ ಹಾಕಿಕೊಳ್ಳಬಹುದು, ಟಿ ಶರ್ಟ್ ಮೇಲೆ ಅಚ್ಚು ಹಾಕಿ ಮಾರಬೇಕಾದರೆ ಕೇಳಲೇಬೇಕು.

ಎಐನಿಂದ ಡಿಸೈನ್ ಮಾಡಿಸಿದರೆ?

ನಾನು ಬೇಡ ಅಂತೀನಿ. ಫರಿ ಬಳಗ ನಿಂತಿರುವುದೇ ಕೈಯಿಂದ ಬಿಡಿಸುವ ಆರ್ಟಿಸ್ಟ್‌ಗಳ ಮೇಲೆ. ದೊಡ್ಡ ಕಲಾ ತಾಣವಾದ ಫರ್ ಅಫಿನಿಟಿ 2022ರಲ್ಲೇ ಎಐ ಚಿತ್ರಗಳನ್ನು ನಿಷೇಧಿಸಿತು. ಹಾಗಾಗಿ ಎಷ್ಟೋ ಕಡೆ ಅಂಥ ಚಿತ್ರಕ್ಕೆ ಜಾಗವೇ ಇಲ್ಲ. ಜೊತೆಗೆ ಮಚ್ಚೆ ಎಲ್ಲಿರಬೇಕು ಅಂತ ನೀವೇ ಯೋಚಿಸಿ ಇಡುವ ಆ ಗಂಟೆಗಳಲ್ಲೇ ಪಾತ್ರ ನಿಮ್ಮದಾಗುವುದು.

ನನ್ನ ಸೋನಾ ಇನ್ನೊಬ್ಬರದ್ದರಂತೆ ಕಂಡರೆ?

ಕೆಂಪು ನರಿಗಳೆಲ್ಲ ಒಂದರಂತೆ ಇನ್ನೊಂದು ಇರುತ್ತವೆ, ಅದಕ್ಕೆ ಯಾರೂ ಜಗಳ ಆಡುವುದಿಲ್ಲ. ವಿಶೇಷ ಗುರುತು, ಬಣ್ಣದ ಜೋಡಣೆ, ಹೆಸರು ಎಲ್ಲ ನೋಡಿ ನಕಲು ಮಾಡುವುದು ತಪ್ಪು. ಅಕಸ್ಮಾತ್ ಹತ್ತಿರ ಬಂದಿದ್ದರೆ ಒಂದು ಗುರುತು ಬದಲಾಯಿಸಿ, ಅಷ್ಟೇ.

ಹದಿನೆಂಟು ತುಂಬಿಲ್ಲ. ಏನು ಎಚ್ಚರ ಬೇಕು?

ಸೋನಾದ ಹೆಸರನ್ನೇ ಬಳಸಿ. ನಿಜವಾದ ಹೆಸರು, ಶಾಲೆ, ಮನೆ, ಮುಖದ ಫೋಟೊ ಯಾರಿಗೂ ಕೊಡಬೇಡಿ. ಈ ಬಳಗದಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ, ದೊಡ್ಡವರಿಗೆ ಮಾತ್ರ ಅಂತ ಮೀಸಲಾದ ಜಾಗಗಳೂ ಇವೆ. ವಯಸ್ಸು ಸುಳ್ಳು ಹೇಳಿ ಅಲ್ಲಿ ಹೋಗಬೇಡಿ. ‘ಮನೆಯಲ್ಲಿ ಹೇಳಬೇಡ’ ಅಂತ ಯಾರಾದರೂ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ, ನಂಬಿಕೆಯ ಹಿರಿಯರಿಗೆ ತಿಳಿಸಿ. ಕಮಿಷನ್‌ಗೆ ದುಡ್ಡು ಕೊಡುವುದು ಮನೆಯ ದೊಡ್ಡವರ ಮೂಲಕವೇ ಆಗಲಿ.

ಮುಂದೆ ಫರ್‌ಸೂಟ್ ಮಾಡಿಸಬೇಕು ಅಂತಿದೆ. ಈಗಲೇ ಯೋಚಿಸಬೇಕಾ?

ಫರ್‌ಸೂಟ್ ಅಂದರೆ ಸೋನಾದಂತೆ ಕಾಣಲು ತೊಡುವ ತುಪ್ಪಳದ ವೇಷ. ಫರಿಗಳಲ್ಲಿ ಹೆಚ್ಚಿನವರ ಹತ್ತಿರ ಫರ್‌ಸೂಟ್ ಇಲ್ಲ, ಇರಲೇಬೇಕು ಅಂತಲೂ ಇಲ್ಲ. ಆಸೆ ಇದ್ದರೆ ಒಂದೆರಡು ವಿಷಯ ನೆನಪಿಡಿ. ಕೃತಕ ತುಪ್ಪಳದ ಬಟ್ಟೆ ಎಲ್ಲ ಬಣ್ಣದಲ್ಲೂ ಸಿಗುವುದಿಲ್ಲ. ಪ್ರತಿ ಗುರುತನ್ನೂ ಬೇರೆ ತುಂಡಾಗಿ ಕತ್ತರಿಸಿ ಹೊಲಿಯಬೇಕು, ಹಾಗಾಗಿ ಕೂದಲೆಳೆಯ ಗೆರೆಗಳು, ಒಂದರಲ್ಲೊಂದು ಕರಗುವ ಬಣ್ಣಗಳು ಕಷ್ಟ. ತಲೆ, ಕೈ, ಬಾಲ ಮಾತ್ರ ಇರುವ ‘ಪಾರ್ಷಿಯಲ್’ನಿಂದ ಶುರು ಮಾಡುವವರೇ ಜಾಸ್ತಿ. ಸೂಟ್‌ಗೆ ಹೊಂದಲಿ ಅಂತ ಇಷ್ಟದ ಗುರುತನ್ನು ಈಗಲೇ ತೆಗೆದುಹಾಕಬೇಡಿ.

ಆಮೇಲೆ ಬದಲಾಯಿಸಬಹುದಾ? ಎರಡು ಸೋನಾ ಇರಬಹುದಾ?

ಎರಡಕ್ಕೂ ಹೌದು. ತೊರೆಯ ಹೊಟ್ಟೆಯ ಬಣ್ಣವನ್ನು ನಾನು ನಾಲ್ಕು ಸಲ ಬದಲಾಯಿಸಿದ್ದೇನೆ. ಹಳೆಯ ಶೀಟ್‌ಗಳನ್ನು ತಾರೀಖು ಹಾಕಿ ಎತ್ತಿಡಿ, ಅಳಿಸಬೇಡಿ. ನನ್ನ ತೋಳವೂ ಇನ್ನೂ ಒಂದು ಫೋಲ್ಡರ್‌ನಲ್ಲಿ ಇದ್ದಾನೆ.

ನಾಲ್ಕು ಸಾಲು ಅಂತೀರಲ್ಲ, ಒಂದು ಮಾದರಿ ಕೊಡುತ್ತೀರಾ?

ನನ್ನದೇ ಕೊಡುತ್ತೇನೆ.

ತೊರೆ, ಚಿಕ್ಕ ಉಗುರಿನ ನೀರುನಾಯಿ. ಕುಳ್ಳಿ, ಸಣ್ಣ ದುಂಡು ಕಿವಿ, ಬುಡದಲ್ಲಿ ತೊಡೆಯಷ್ಟು ದಪ್ಪ ಇದ್ದು ತುದಿಗೆ ಚೂಪಾಗುವ ಬಾಲ.
ಬೆನ್ನು ತೊಯ್ದ ಮಣ್ಣಿನ ಕಂದು, ಗಲ್ಲದಿಂದ ಹೊಟ್ಟೆಯವರೆಗೆ ಕೆನೆ ಬಣ್ಣ, ಮೂಗು ಮತ್ತು ಅಂಗೈ ಬೂದು ಗುಲಾಬಿ.
ಎಡಗೈಯ ಕೊನೆಯ ಎರಡು ಬೆರಳು ಮಾತ್ರ ಬಿಳಿ.
ಆ ಕೈಯಲ್ಲಿ ಸದಾ ಒಂದು ಚಪ್ಪಟೆ ಕಲ್ಲು. ಯೋಚಿಸುವಾಗ ತಿರುಗಿಸುತ್ತಾಳೆ, ಬೇಜಾರಾದಾಗ ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳುತ್ತಾಳೆ.